ತುಟಿಗೆ ಹಿಡಿದ ನೂಲು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದದ್ದು ಗೊತ್ತಾದರೆ ಬೈಯುತ್ತಿದ್ದರು. ಈಗ ಬೈಯಲು ಅವರಿಲ್ಲ, ಕಳೆದ ಮಾಗಿಯ ಚಳಿಯಲ್ಲಿ ಹೋಗಿಬಿಟ್ಟರು. ಆದರೂ ನನ್ನ ಹೆದರಿಕೆ ಹೋಗಿಲ್ಲ. ಊರಿಗೆಲ್ಲ ಅವರು ದೊಡ್ಡಮ್ಮ, ನನಗೂ ದೊಡ್ಡಮ್ಮ. ಇಲ್ಲಿಯೂ ಹಾಗೇ ಇರಲಿ.

ಸುದ್ದಿ ಬಂದಾಗ ನಾನು ಕೋಲಾರದ ಬಸ್ ನಿಲ್ದಾಣದಲ್ಲಿ ಮಾಲೂರಿನ ಬಸ್ಸಿಗೆ ಕಾಯುತ್ತಿದ್ದೆ. ಫೋನ್ ಮಾಡಿದ್ದು ಅವರ ಮೈದುನ. "ಅತ್ತಿಗೆ ಹೋದ್ರು ಕಣಮ್ಮ" ಅಂದು, "ನೀವು ಬರೋವರ್ಗೂ ಎತ್ತಲ್ಲ, ಬೇಗ ಬನ್ನಿ" ಅಂದರು. ನಾನು ಅವರ ಕುಲದವಳಲ್ಲ, ನೆಂಟಸ್ತಿಕೆಯೂ ಇಲ್ಲ. ಓಡಿಹೋದೆ. ಅಂಗಳದಲ್ಲಿ ಮಲಗಿಸಿದ್ದರು. ಮೇಲೆ ಅವರದೇ ಹಳೆಯ ಕರಿಕಂಬಳಿ, ಒಂದು ಮೂಲೆ ಇಲಿ ಕಡಿದದ್ದು. ಮೈದುನ ಆ ಮೂಲೆಯನ್ನು ನನ್ನ ಕೈಗೆ ಕೊಟ್ಟು, "ಹೇಳಮ್ಮ" ಅಂದರು. ನಾನು "ಜೀವದ ಉಣ್ಣೆ" ಅಂದೆ. ಆಮೇಲೆ ಎತ್ತಿದರು. ಬೇರೆ ಊರಿಂದ ಬಂದ ನೆಂಟರು ಇದ್ಯಾರು, ಇವಳ್ಯಾಕೆ ಹೇಳಬೇಕು ಅಂತ ಪಿಸುಗುಟ್ಟಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕಾದರೆ ನಾನು ಹೇಳಿದ ಒಂದು ಸುಳ್ಳಿನಿಂದ ಶುರುಮಾಡಬೇಕು.

ಆಗ ನಾನು ಉಣ್ಣೆ ನೂಲಿಸುವ ಒಂದು ಸಣ್ಣ ಕೇಂದ್ರದಲ್ಲಿ ಮೇಲ್ವಿಚಾರಕಿ. ಹೆಸರು ಕೇಳಲು ದೊಡ್ಡದು, ಕೆಲಸ ಮಾತ್ರ ಚೀಲ ಹೊರುವುದು. ಪ್ರತಿ ಗುರುವಾರ, ಮಿಷನ್ನಿನಲ್ಲಿ ಹಿಂಜಿ ಬತ್ತಿಯ ಹಾಗೆ ಸುತ್ತಿದ ಉಣ್ಣೆಯ ಹಂಜಿಗಳನ್ನು ಚೀಲಕ್ಕೆ ತುಂಬಿ ವಕ್ಕಲೇರಿಯ ಬಸ್ಸು ಹತ್ತಬೇಕು. ಟೊಮೆಟೊ ಕ್ರೇಟುಗಳ ಪಕ್ಕದಲ್ಲಿ ನನ್ನ ಚೀಲ ನೋಡಿದರೆ ಕಂಡಕ್ಟರ್ "ಅಮ್ಮ, ಕುರಿಗೂ ಟಿಕೆಟ್ ತಗೊಳ್ಳಿ" ಅನ್ನುವನು. ಅಲ್ಲಿಂದ ಒಳಗೆ ಮೂರು ಮೈಲಿ, ಆಟೋದಲ್ಲೋ ಹಾಲಿನ ವ್ಯಾನಿನಲ್ಲೋ. ಊರಲ್ಲಿ ಇಪ್ಪತ್ತೆರಡು ಮನೆಗಳ ಹೆಂಗಸರು ನಮಗೆ ನೂಲುತ್ತಿದ್ದರು. ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮುದ್ದೆ ಸಾರು ಮಾಡಿಟ್ಟು, ತೋಟದ ಕೂಲಿ ಇದ್ದರೆ ಅದನ್ನೂ ಮುಗಿಸಿ, ಉಳಿದ ಹೊತ್ತಿನಲ್ಲಿ ರಾಟೆಯ ಮುಂದೆ ಕೂರುವವರು. ದೊಡ್ಡಮ್ಮನದು ಮಾತ್ರ ಉಲ್ಟಾ. ಅವರು ನೂತು ಉಳಿದ ಹೊತ್ತಿನಲ್ಲಿ ಮುದ್ದೆ ಮಾಡುವವರು. ಗಂಡ ಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ, ಹೇಳುವವರೂ ಇರಲಿಲ್ಲ.

ಮೊದಲನೆಯ ಗುರುವಾರ ನಾನು ಕೊಟ್ಟ ಹಂಜಿಯನ್ನು ಅವರು ಕಣ್ಣಿನಿಂದ ನೋಡಲೇ ಇಲ್ಲ. ಒಂದು ಚಿಟಿಕೆ ಕಿತ್ತು, ಬೆರಳಲ್ಲಿ ಹೊಸೆದು, ಮೇಲ್ದುಟಿಗೆ ಒತ್ತಿ ಹಿಡಿದು ಕಣ್ಣು ಮುಚ್ಚಿದರು. ನಾನು ಏನೋ ಪೂಜೆ ಅಂದುಕೊಂಡು ಚಪ್ಪಲಿ ಬಿಟ್ಟು ನಿಂತೆ.

"ಇದ್ರಲ್ಲಿ ಮುದಿ ಕುರಿ ಉಣ್ಣೆ ಸೇರೈತೆ ಮೇಡಮ್ಮ."

"ತುಟಿಗೆ ಹೇಗೆ ಗೊತ್ತಾಗುತ್ತೆ ದೊಡ್ಡಮ್ಮ?"

"ಬೆರಳು ದುಡ್ದು ದುಡ್ದು ಜಡ್ಡು ಕಟ್ಟಿರ್ತೈತೆ, ಅದರ ಮಾತು ನಂಬಂಗಿಲ್ಲ. ತುಟಿಗೇನ್ ಕೆಲ್ಸ ಐತೆ? ಅದು ಸುಳ್ಳು ಹೇಳಲ್ಲ."

"ಅಯ್ಯೋ, ಸುಳ್ಳು ಹೇಳೋದೇ ತುಟಿ ಅಲ್ವಾ?"

"ಅದು ನಿನ್ನ ತುಟಿ" ಅಂದರು. ಜಗುಲಿಯ ಮೇಲಿದ್ದ ಹೆಂಗಸರೆಲ್ಲ ನಕ್ಕರು, ನಾನೂ ನಕ್ಕೆ.

ಆ ತುಟಿಯನ್ನು ಅವರು ಕಾಪಾಡಿಕೊಂಡ ಬಗೆಯೇ ಒಂದು ಕತೆ. ಎಲೆಅಡಿಕೆ ಹಾಕುತ್ತಿರಲಿಲ್ಲ. ಸುಣ್ಣ ತಾಗಿದರೆ ಕೆಟ್ಟುಹೋಗುತ್ತದಂತೆ. ಕಾಫಿ ಆರಿಸಿಯೇ ಕುಡಿಯುವುದು. ಚಳಿಗಾಲದಲ್ಲಿ ಬೆಣ್ಣೆ ಸವರಿಕೊಂಡು ಕೂರುವರು. "ಮದ್ವೆ ಹೆಣ್ಣು ಕೂಡ ಇಷ್ಟು ಸಿಂಗಾರ ಮಾಡ್ಕೊಳ್ಳಲ್ಲ" ಅಂತ ಅವರ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಗೋಡೆಯಾಚೆಯಿಂದ ಆಡಿಕೊಳ್ಳುವರು. ಇಬ್ಬರದೂ ಅಂಟಿಕೊಂಡ ಮನೆ, ಅಂಟದ ಮನಸ್ಸು.

ಸಿಟ್ಟು ಬಂದರೆ ದೊಡ್ಡಮ್ಮ ತೆಲುಗಿಗೆ ಇಳಿಯುತ್ತಿದ್ದರು. ಹೊಸದಾಗಿ ನೂಲಲು ಕಲಿತ ಊರಿನ ಸೊಸೆಯೊಬ್ಬಳು ಕಡಿದ ಎಳೆಗೆ ಗಂಟು ಹಾಕಿದ್ದಕ್ಕೆ "ಚಾಲಮ್ಮಾ, ಚಾಲು!" ಅಂತ ಕೂಗಿ, ಸಾಕು ಮಾಡು ಅಂತ ರಾಟೆಯ ಹಗ್ಗವನ್ನೇ ಬಿಚ್ಚಿಟ್ಟುಬಿಟ್ಟರು. ಎಳೆ ಕಡಿದರೆ ಎರಡು ತುದಿಯನ್ನೂ ಬಿಡಿಸಿ, ಒಂದರೊಳಗೊಂದು ಸೇರಿಸಿ, ಹೊಸೆಯಬೇಕು. ಗಂಟು ಹಾಕುವುದು ಸೋಮಾರಿಗಳ ಕೆಲಸ. ಹಾಗಂತ ಬರೀ ಸಿಡುಕಿಯೂ ಅಲ್ಲ. ಒಮ್ಮೆ ನೂಲುವವರೆಲ್ಲ ಸೇರಿ ಮುಳಬಾಗಿಲ ಕಡೆ ಕುರುಡುಮಲೆಗೆ ಹೋಗಿದ್ದೆವು. ಅಷ್ಟೆತ್ತರದ ಗಣಪನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೈಮುಗಿದು ನಿಂತವರನ್ನು, ಏನು ಬೇಡಿಕೊಂಡಿರಿ ಅಂತ ಕೇಳಿದೆ. "ಇನ್ನೇನ್ ಕೇಳ್ಳಿ? ಸ್ವಾಮಿ, ನಿನ್ನ ಇಲೀನ ಸ್ವಲ್ಪ ಕಟ್ಟಾಕು, ನನ್ನ ಮದ್ವೆ ಕಂಬಳಿ ಮೂಲೆ ಕಡಿದಾಕೈತೆ ಅಂದೆ."

ನಾನು ಹೊರಡುವಾಗ ಬಾಗಿಲವರೆಗೆ ಬಂದು ಅವರು ಹೇಳುವುದು ಒಂದೇ ಮಾತು. "ಹುಷಾರಾಗಿ ಹೋಗಮ್ಮ." ಬೇರೆಲ್ಲ ಹೊತ್ತಿನಲ್ಲಿ ನಾನು ಮೇಡಮ್ಮ, ಬಾಗಿಲಲ್ಲಿ ಮಾತ್ರ ಅಮ್ಮ.

ಇನ್ನು ಆ ಕಂಬಳಿಯ ವಿಷಯ. ಅವರ ಕುಲದಲ್ಲಿ ಮದುವೆಯ ಗಂಡುಹೆಣ್ಣನ್ನು ಕರಿಕಂಬಳಿ ಹಾಸಿ ಕೂರಿಸುತ್ತಾರೆ, ಕೈಗೆ ಕಟ್ಟುವ ಕಂಕಣವೂ ಉಣ್ಣೆಯದೇ. ಇದು ಎಲ್ಲ ಕಡೆ ಇರುವುದು. ಆ ಊರಲ್ಲಿ ಇನ್ನೊಂದು ಪದ್ಧತಿಯಿತ್ತು. ಕಂಬಳಿ ಹಾಸಿದ ಮೇಲೆ, ಅದರ ನೂಲು ನೂತವಳು ಬಂದು ಕೈಯಿಟ್ಟು ಎಲ್ಲರ ಮುಂದೆ "ಇದು ಜೀವದ ಉಣ್ಣೆ" ಅನ್ನಬೇಕು. ಅಂದರೆ ಬದುಕಿರುವ ಕುರಿಯ ಮೈಯಿಂದ ಕತ್ತರಿಸಿದ್ದು, ಸತ್ತದ್ದರ ತೊಗಲಿನಿಂದ ಕಿತ್ತದ್ದಲ್ಲ ಅಂತ. ಹೊಸ ಬಾಳು ಸತ್ತದ್ದರ ಮೇಲೆ ಶುರುವಾಗಬಾರದು. ಅವಳು ಹೇಳುವವರೆಗೆ ಗಂಡುಹೆಣ್ಣು ನಿಂತೇ ಇರಬೇಕು, ಮುಹೂರ್ತ ಮೀರಿದರೂ ಸರಿ. ನನಗೆ ತಿಳಿದ ಹಾಗೆ ಆ ಊರಿನ ಮದುವೆಯ ಕಂಬಳಿಗಳನ್ನೆಲ್ಲ ನೂತದ್ದು ದೊಡ್ಡಮ್ಮ, ಮಾತು ಹೇಳಿದ್ದೂ ಅವರೇ. ಚಿನ್ನ ಇರಲಿಲ್ಲ, ಜಮೀನು ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಆ ಒಂದು ಮಾತು. ಆ ಮಾತು ಹೇಳುವ ದಿನ ಅವರು ಚಪ್ಪರದೊಳಗೆ ನಡೆದು ಬಂದರೆ ಪಟೇಲರ ಮನೆಯವರೂ ಎದ್ದು ದಾರಿ ಬಿಡುತ್ತಿದ್ದರು.

ಮೈದುನನ ಮಗನಿಗೆ ಮದುವೆ ಗೊತ್ತಾಯಿತು. ಮೈದುನ ನೇಕಾರರು, ಮನೆಯಲ್ಲೇ ಗುಣಿಮಗ್ಗ. ಅತ್ತಿಗೆ ನೂಲಬೇಕು, ತಾನು ನೇಯಬೇಕು, ಮಗ ಕೂರಬೇಕು. ಬೇಕಾದ ಕರಿ ಉಣ್ಣೆಯನ್ನು ನಾನು ತಂದುಕೊಡುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕರಿ ಕುರಿ ಎಲ್ಲಿದೆ ಅಂತ ಹುಡುಕಿದೆ. ಈಗೆಲ್ಲ ಮಾಂಸಕ್ಕೆ ಬೇಗ ಬಲಿಯುವ ಕುರಿಗಳು, ಮೈಮೇಲೆ ಉಣ್ಣೆಯೇ ಇರುವುದಿಲ್ಲ. ಶ್ರೀನಿವಾಸಪುರದ ಕಡೆ ಒಂದು ಹಿಂಡಿನಲ್ಲಿ ಅರ್ಧಕ್ಕಾಗುವಷ್ಟು ಸಿಕ್ಕಿತು. ಉಳಿದರ್ಧ ಇಲ್ಲ. ದಿನ ಹತ್ತಿರ ಬರುತ್ತಿತ್ತು. ಒಬ್ಬ ವ್ಯಾಪಾರಿ ಒಂದು ಮೂಟೆ ತೋರಿಸಿದ. ಕರಿ, ಶುಭ್ರ, ಕಸವಿಲ್ಲ. ಎಲ್ಲಿಯದು ಅಂದದ್ದಕ್ಕೆ "ತೊಗಲಿನ ಮಂಡೀದು ಮೇಡಂ, ಸುಣ್ಣ ಹಾಕಿ ತೆಗ್ದಿರ್ತಾರೆ" ಅಂತ ಮುಚ್ಚುಮರೆಯಿಲ್ಲದೆ ಹೇಳಿದ. ಅವನು ಸುಳ್ಳು ಹೇಳಲಿಲ್ಲ, ಅವನ ಮೇಲೆ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ಮೂಟೆಯನ್ನು ಮಿಷನ್ನಿಗೆ ಹಾಕಿಸಿ ಎರಡನ್ನೂ ಬೆರೆಸಿದವಳು ನಾನು. ಹಿಂಜಿದ ಮೇಲೆ ಕರಿ ಕರಿಯೇ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ.

ಆ ವರ್ಷ ಊರಿಗೆಲ್ಲ ಚಿಕೂನ್‌ಗುನ್ಯ ಬಂದಿತ್ತು. ದೊಡ್ಡಮ್ಮ ಆಗಷ್ಟೇ ಎದ್ದು ಕೂತಿದ್ದರು, ಬೆರಳ ಗೆಣ್ಣುಗಳು ಇನ್ನೂ ಊದಿಕೊಂಡಿದ್ದವು. ಹಂಜಿ ಕಿತ್ತು ತುಟಿಗೆ ಹಿಡಿದರು. ಹಿಡಿದೇ ಇದ್ದರು.

"ಇದು ಕತ್ತರಿಸಿದ್ದೇ ತಾನೇ ಮೇಡಮ್ಮ?"

"ಹೌದು ದೊಡ್ಡಮ್ಮ. ಶ್ರೀನಿವಾಸಪುರದ ಕಡೇದು."

ಅರ್ಧ ನಿಜ ಇತ್ತಲ್ಲ, ಆ ಧೈರ್ಯದಲ್ಲಿ ಹೇಳಿದೆ. ಅವರು ಇನ್ನೊಮ್ಮೆ ಹಿಡಿದು ನೋಡಿದರು. "ನನ್ ತುಟಿ ಯಾಕೋ ಬೇರೆ ಹೇಳ್ತೈತೆ. ಜ್ವರದ್ದು ಇರ್ಬೇಕು. ನೀನೇ ಹೇಳ್ತಿದ್ಯಲ್ಲ, ಇನ್ನೇನು" ಅಂದು ಹಂಜಿಯನ್ನು ಮಡಿಲಿಗೆ ಹಾಕಿಕೊಂಡರು. ಆವತ್ತಿನವರೆಗೆ ಅವರು ಯಾರ ಮಾತನ್ನೂ ತುಟಿಗಿಂತ ಹೆಚ್ಚು ಅಂತ ಒಪ್ಪಿದವರಲ್ಲ. ಆ ಊದಿದ ಬೆರಳುಗಳಲ್ಲೇ ನೂತರು. ಎರಡು ವಾರ ನಾನು ಹೋದಾಗೆಲ್ಲ ರಾಟೆಯ ಸದ್ದು ಬಾಗಿಲಿಗೇ ಕೇಳುತ್ತಿತ್ತು. ಹೇಳಿಬಿಡಲೇ ಅಂತ ಬಾಯಿ ತೆರೆಯುವುದು, ಮುಚ್ಚುವುದು. ನೂಲು ಮಗ್ಗಕ್ಕೆ ಹೋಯಿತು. ಹಾಸುನೂಲಿಗೆ ಹುಣಸೆಬೀಜದ ಗಂಜಿ ಹಾಕಿ ನೇಯ್ದದ್ದೂ ಆಯಿತು. ಇನ್ನೇನು, ದಡ ಸೇರಿದೆ ಅಂದುಕೊಂಡೆ.

ಮದುವೆಯ ಬೆಳಗ್ಗೆ ಮನೆ ಮುಂದೆ ಚಪ್ಪರ. ಹಿಂದಿನ ದಿನ ಹನಿ ಬಿದ್ದು ನೆಲವೆಲ್ಲ ಹಸಿ. ನನ್ನನ್ನು ಹೆಣ್ಣುಮಕ್ಕಳ ಸಾಲಿನಲ್ಲಿ ಮುಂದೆಯೇ ಕೂರಿಸಿದ್ದರು. ಹೊಸ ಕಂಬಳಿ ಹಾಸಿದರು. ಗಂಡುಹೆಣ್ಣು ಬಂದು ನಿಂತರು. ದೊಡ್ಡಮ್ಮ ಹೊಸ ಸೀರೆಯುಟ್ಟು ಬಂದರು, ಜನ ದಾರಿ ಬಿಟ್ಟರು. ಬಗ್ಗಿ ಕೈಯಿಟ್ಟರು. ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

ನೆಲದ ತೇವಕ್ಕೆ ಕಂಬಳಿ ಒದ್ದೆಯಾಗಿತ್ತು. ಒದ್ದೆಯಾದರೆ ಸುಣ್ಣದ ಉಣ್ಣೆ ವಾಸನೆ ಬಿಡುತ್ತದೆ, ಅದು ನನಗೆ ಆಮೇಲೆ ಗೊತ್ತಾಯಿತು. ಅವರು ಅಂಚನ್ನು ಎತ್ತಿ ತುಟಿಗೆ ಒತ್ತಿದರು. ಗ್ಯಾಸ್ ಬಲೂನು ಹಿಡಿದು ಕಿರುಚುತ್ತಿದ್ದ ಮಗುವನ್ನು ಯಾರೋ ಸುಮ್ಮನಾಗಿಸಿದರು. ವಾಲಗದವರೂ ನಿಲ್ಲಿಸಿದರು. ದೊಡ್ಡಮ್ಮ ತಲೆಯೆತ್ತಿ, ಅಷ್ಟು ಜನರ ನಡುವೆ ನನ್ನನ್ನೇ ನೋಡಿದರು. ನಾನು ತಲೆ ತಗ್ಗಿಸಿ ನನ್ನ ಬಳೆ ನೋಡಿಕೊಂಡೆ. ಅವತ್ತು ಹಾಕಿದ್ದ ಬಳೆ ಹಸಿರು, ನಡುವೆ ಒಂದು ಕೆಂಪು. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

"ಇದು ಬೇಡ, ತೆಗೀರಿ" ಅಂದರು.

"ಏನಕ್ಕ, ಮುಹೂರ್ತದಲ್ಲಿ ಏನ್ ಮಾತಿದು?" ವಾರಗಿತ್ತಿ ಕಿರುಚಿದರು.

"ನನ್ ಕೈ ತಪ್ಪೈತೆ. ಉಣ್ಣೆ ನೋಡ್ದೆ ನೂತ್ಬಿಟ್ಟೆ. ಇದು ಸತ್ತಿದ್ದು."

ಹೆಣ್ಣಿನ ಕಡೆಯವರಲ್ಲಿ ಗುಜುಗುಜು ಎದ್ದಿತು. ಹೆಣ್ಣಿನ ಸೋದರತ್ತೆ, ಇಂಥ ಅಪಶಕುನದ ಮನೆಗೆ ಕೊಡುವುದಿಲ್ಲ ಅಂತ ಹುಡುಗಿಯ ಕೈಹಿಡಿದು ಎಳೆದೇಬಿಟ್ಟರು. ಮೈದುನ ಕಂಬ ಹಿಡಿದು ನಿಂತಿದ್ದರು, ಒಂದು ಮಾತೂ ಆಡಲಿಲ್ಲ. ನಾನು ಆಗ ಎದ್ದು ನಿಲ್ಲಬೇಕಾಗಿತ್ತು. ಕಾಲು ನೆಲಕ್ಕೆ ಅಂಟಿತ್ತು ಅನ್ನುವುದೆಲ್ಲ ನೆಪ. ಎದ್ದರೆ ಇಪ್ಪತ್ತೆರಡು ಮನೆಯವರೂ ನನ್ನ ಉಣ್ಣೆ ಮುಟ್ಟುವುದಿಲ್ಲ, ಕೆಲಸ ಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಅಷ್ಟು ಜನ ನನ್ನನ್ನು ನೋಡುತ್ತಾರೆ ಅಂತ ಹೆದರಿದೆ. ದೊಡ್ಡಮ್ಮ ಸರಸರನೆ ಮನೆಯೊಳಗೆ ಹೋಗಿ, ತಮ್ಮ ಮದುವೆಯ ಹಳೆಯ ಕಂಬಳಿಯನ್ನು ತಂದು, ಇಲಿ ಕಡಿದ ಮೂಲೆಯನ್ನು ಒಳಗೆ ಮಡಿಸಿ ಹಾಸಿದರು. ಅದರ ಮೇಲೆ ಕೈಯಿಟ್ಟು "ಇದು ಜೀವದ ಉಣ್ಣೆ, ನಮ್ಮತ್ತೆ ನೂತಿದ್ದು. ಕೂತ್ಕೊಳ್ಳಿ ಮಕ್ಕಳೇ" ಅಂದರು. ಸೋದರತ್ತೆ ಹುಡುಗಿಯ ಕೈ ಬಿಟ್ಟರು, ಮುಹೂರ್ತ ಮೀರಲು ಇನ್ನು ಕ್ಷಣಗಳಿದ್ದಾಗ ಕೊರಳಿಗೆ ತಾಳಿ ಬಿತ್ತು.

ಮದುವೆ ಉಳಿಯಿತು, ಅವರ ಮಾತು ಹೋಯಿತು. ಮುಂದಿನ ಮದುವೆಗೆ ಬೇರೆಯವಳು ನೂತಳು, ಬೇರೆಯವಳು ಹೇಳಿದಳು. ದೊಡ್ಡಮ್ಮ ಚಪ್ಪರದ ಹಿಂದಿನ ಸಾಲಿನಲ್ಲಿ ಕೂತು ಅನ್ನ ಉಂಡು ಬಂದರು. ಊರಿನ ಅಳಿಯಂದಿರಿಗೆ, ಸೊಸೆಯರಿಗೆ ತಮಾಷೆಯ ವಸ್ತುವಾದರು. "ಅಜ್ಜಿ ತುಟಿಗೆ ಬೆಣ್ಣೆ ಜಾಸ್ತಿ ಆಯ್ತು" ಅನ್ನುವರು. ಗೋಡೆಯಾಚೆಯ ಮೈದುನ ಅತ್ತಿಗೆಯ ಜೊತೆ ಮಾತು ಬಿಟ್ಟರು. ಅವರ ನೂಲು ಈಗ ಜಮಖಾನಕ್ಕೆ, ಕಾಲೊರಸಿಗೆ. ಅದನ್ನೂ ಅವರು ಗಂಟಿಲ್ಲದೆ ನೂಲುತ್ತಿದ್ದರು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಮದುವೆಯ ನಂತರದ ಗುರುವಾರ ನೂಲು ಕೊಟ್ಟು, ಬಾಗಿಲವರೆಗೆ ಬಂದರು. "ಹುಷಾರಾಗಿ ಹೋಗಮ್ಮ" ಅನ್ನಲಿಲ್ಲ.

"ಇನ್ನೇನಾದ್ರೂ ಹೇಳೋದೈತಾ ಮೇಡಮ್ಮ?"

"ಇಲ್ಲ ದೊಡ್ಡಮ್ಮ."

"ಸರಿ."

ಅದರ ಮುಂದಿನ ಗುರುವಾರವೂ ಅದೇ ಪ್ರಶ್ನೆ. ಅದರ ಮುಂದೆಯೂ. ಐದು ವರ್ಷ. ಹಬ್ಬದ ವಾರ, ಮಳೆಯ ವಾರ, ನನ್ನ ಮಗಳು ಹುಟ್ಟಿ ನಾನು ಮತ್ತೆ ಕೆಲಸಕ್ಕೆ ಬಂದ ವಾರ, ಎಲ್ಲ ವಾರವೂ. ಮಗುವಿಗೆ ಅಂತ ಮೆತ್ತನೆಯ ಉಣ್ಣೆಯ ಟೋಪಿ ಹೆಣೆದು ಕೊಟ್ಟರು, ಕೊಟ್ಟು ಅದನ್ನೇ ಕೇಳಿದರು. ದನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. ಬೇರೆ ಊರಿಗೆ ಹಾಕಿಸಿಕೊಳ್ಳೋಣ ಅಂತ ಎರಡು ಸಲ ಅರ್ಜಿ ಬರೆದೆ, ಎರಡು ಸಲವೂ ಹರಿದೆ. ಯಾಕೆ ಹರಿದೆ ಅಂದರೆ, ಓಡಿಹೋದರೆ ಆ ಪ್ರಶ್ನೆ ನನ್ನ ಬೆನ್ನಿಗೇ ಬರುತ್ತದೆ ಅಂತ ಗೊತ್ತಿತ್ತು.

ಆಮೇಲೆ ಮೈದುನನ ಮಗಳಿಗೆ ಮದುವೆ ಗೊತ್ತಾಯಿತು. ವಾರಗಿತ್ತಿ ನನ್ನ ಕೇಂದ್ರಕ್ಕೇ ಬಂದರು. "ಕರಿ ಉಣ್ಣೆ ಬೇಕು ಮೇಡಂ. ಯಾರಿಗಾದ್ರೂ ಕೊಟ್ಟು ನೂಲ್ಸಿ. ನಮ್ಮಕ್ಕಂಗೆ ಮಾತ್ರ ಬೇಡ, ಅವಳ ಕೈ ಹಾಳಾಗೈತೆ." ಅವರು ಬಹಳ ಸಹಜವಾಗಿ, ಹಾಲು ಕೆಟ್ಟಿದೆ ಅನ್ನುವ ಹಾಗೆ ಹೇಳಿದರು. ನನಗೆ ತಡೆಯಲಾಗಲಿಲ್ಲ. ಅವರನ್ನು ಅಲ್ಲೇ ಬಿಟ್ಟು ಸಿಕ್ಕಿದ ಬಸ್ಸು ಹತ್ತಿ ಊರಿಗೆ ಹೋದೆ. ಮೈದುನ ಮಗ್ಗದ ಗುಣಿಯಲ್ಲಿ ಕಾಲಿಟ್ಟು ನೇಯುತ್ತಿದ್ದರು. ನಿಂತೇ ಎಲ್ಲ ಹೇಳಿದೆ. ತೊಗಲಿನ ಮಂಡಿ, ಮೂಟೆ, ಮಿಷನ್ನು, ಅವರು ಕೇಳಿದ್ದು, ನಾನು ಹೌದು ಅಂದದ್ದು.

ಲಾಳಿ ನಿಂತಿತು. ಅವರು ತಲೆಯೆತ್ತಲಿಲ್ಲ. ಹಾಗೇ ಅಂದರು:

"ಗಂಜಿ ಹಾಕ್ದಾಗ್ಲೇ ನಂಗೆ ವಾಸ್ನೆ ಬಂತು ಕಣಮ್ಮ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಮಗನ ಮದ್ವೆ. ನಾಲ್ಕು ದಿನ ಇತ್ತು. ಅತ್ತಿಗೆ ನೂತವ್ರೆ, ಅವ್ರೇ ಹೇಳ್ಬಿಡ್ತಾರೆ, ಮುಗ್ದೋಯ್ತದೆ ಅಂದ್ಕೊಂಡೆ." ಕಣ್ಣೊರೆಸಿಕೊಂಡರು. "ಅವ್ರ ಮುಖ ಹೆಂಗೆ ನೋಡ್ಲಿ? ಅದಕ್ಕೇ ಮಾತು ಬಿಟ್ಟಿದ್ದು."

ಅಂದರೆ ಅವತ್ತು ಚಪ್ಪರದಲ್ಲಿ ನಿಜ ಗೊತ್ತಿದ್ದ ಮೂವರಲ್ಲಿ ಇಬ್ಬರು ಬಾಯಿ ಮುಚ್ಚಿಕೊಂಡಿದ್ದೆವು. ಮಾತಾಡಿದವರೊಬ್ಬರೇ, ತಪ್ಪು ಹೊತ್ತವರೂ ಅವರೇ.

ಅಲ್ಲಿಂದ ಪಕ್ಕದ ಮನೆಗೆ ಹೋದೆ. ದೊಡ್ಡಮ್ಮ ರಾಟೆಯ ಮುಂದಿದ್ದರು. "ಇವತ್ತು ಗುರುವಾರ ಅಲ್ವಲ್ಲ" ಅಂದರು.

"ಹೇಳಿಬಂದೆ ದೊಡ್ಡಮ್ಮ."

"ಯಾರಿಗೆ?"

"ನಿಮ್ಮ ಮೈದುನರಿಗೆ."

ರಾಟೆ ತಿರುಗಿಸುವುದನ್ನು ಬಿಡದೆ ಅಂದರು: "ನನ್ ಮಾನ ಹೋಗಿದ್ದು ಚಪ್ಪರದಲ್ಲಿ ಮೇಡಮ್ಮ, ಮಗ್ಗದ ಗುಣೀಲಲ್ಲ."

ಅಷ್ಟೇ. ನಾನು ಅಳುತ್ತಾ ಕಾಲಿಗೆ ಬೀಳಲು ಹೋದೆ. ಕಾಲು ಹಿಂದಕ್ಕೆಳೆದುಕೊಂಡರು. ಹೊರಡುವಾಗ ಬಾಗಿಲಿಗೂ ಬರಲಿಲ್ಲ.

ಈ ಸಲದ ಕಂಬಳಿಯ ನೂಲು ಅತ್ತಿಗೆಯೇ ನೂಲಬೇಕು ಅಂತ ಮೈದುನ ಹಟ ಹಿಡಿದರು. ಯಾಕೆ ಅಂತ ಹೆಂಡತಿಗೂ ಹೇಳಲಿಲ್ಲ, ಅದು ನಾನು ಹೇಳಬೇಕಾದ್ದು. ಉಣ್ಣೆಗೆ ನಾನೇ ಹೋದೆ. ಕುರುಡುಮಲೆಯ ಆಚೆ ಒಬ್ಬ ಕುರಿಗಾಹಿಯ ಹತ್ತಿರ ಕರಿ ಕುರಿಗಳಿದ್ದವು. ಅವನು ಕಾಲು ಕಟ್ಟಿ ಕತ್ತರಿಸುವಾಗ ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಪಕ್ಕದಲ್ಲೇ ನಿಂತಿದ್ದೆ. ಕತ್ತರಿಸಿಕೊಂಡ ಕುರಿ ಎದ್ದು ಮೈ ಕೊಡವಿ ಓಡಿದ್ದನ್ನು ಒಂದೊಂದಾಗಿ ನೋಡಿದೆ. ಮಿಷನ್ನಿಗೆ ಹಾಕಿಸಲಿಲ್ಲ, ಹಳೆಯ ಬಿಲ್ಲಿನಿಂದ ಕೈಯಲ್ಲೇ ಹಿಂಜಿಸಿದೆ. ಚೀಲ ಕೊಟ್ಟಾಗ ದೊಡ್ಡಮ್ಮ ತುಟಿಗೆ ಹಿಡಿದರು. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ.

ಮದುವೆಯ ದಿನ ಅದೇ ಅಂಗಳ, ಅದೇ ಚಪ್ಪರ. ಹಿಂದಿನ ಬಾರಿ ಬಂದಿದ್ದ ನೆಂಟರೆಲ್ಲ ಇದ್ದರು. ದೊಡ್ಡಮ್ಮ ನೂತಿದ್ದಾರೆ ಅಂತ ತಿಳಿದು ಆಗಲೇ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಕಂಬಳಿ ಹಾಸಿದರು. ದೊಡ್ಡಮ್ಮ ಬಂದರು, ಈ ಸಲ ಯಾರೂ ದಾರಿ ಬಿಡಲಿಲ್ಲ, ತಾವೇ ಜಾಗ ಮಾಡಿಕೊಂಡು ಬಂದರು. ಕೈಯಿಟ್ಟರು. ಅಂಚನ್ನು ತುಟಿಗೆ ಹಿಡಿದರು. ಬಿಟ್ಟು, ಮತ್ತೆ ಹಿಡಿದರು.

"ನಂಗೆ ತಿಳೀತಿಲ್ಲ" ಅಂದರು.

ವಾರಗಿತ್ತಿ "ಅಯ್ಯೋ ದೇವ್ರೇ" ಅಂತ ಕೂತುಬಿಟ್ಟರು. ಆ ಒಂದು ಮಾತು ಹೇಳಿದ್ದರೆ ಹೋದದ್ದೆಲ್ಲ ಅವರಿಗೆ ವಾಪಸು ಬರುತ್ತಿತ್ತು. ಐದು ವರ್ಷ ಕಾದದ್ದು ಅದಕ್ಕೇ. ಆದರೆ ತಿಳಿಯದ್ದನ್ನು ತಿಳಿಯಿತು ಅನ್ನುವವರಲ್ಲ ಅವರು.

"ವಯಸ್ಸಾಯ್ತು, ತುಟಿ ಮರಗಟ್ಟೈತೆ. ಉಣ್ಣೆ ತಂದೋಳು ಅಲ್ಲಿ ಕೂತವಳೆ. ಬಾ ಮೇಡಮ್ಮ."

ಹೋದೆ. ನನ್ನ ಮಣಿಕಟ್ಟು ಹಿಡಿದು ಕಂಬಳಿಯ ಮೇಲೆ ಒತ್ತಿದರು. ಅವರ ಹಿಡಿತದಲ್ಲಿ ನನ್ನ ಬಳೆ ಒಂದು ಚೂರಾಯಿತು.

"ಹೇಳು."

ನಾನು ಮೊದಲು ಹೇಳಬೇಕಾದ್ದನ್ನೇ ಮೊದಲು ಹೇಳಿದೆ. "ಹೋದ ಸಲ ಇವರ ಕೈ ತಪ್ಪಿರಲಿಲ್ಲ. ಅದು ತೊಗಲಿನ ಮಂಡಿಯ ಉಣ್ಣೆ. ಬೆರೆಸಿದ್ದು ನಾನು. ಇವರು ಕೇಳಿದಾಗ, ಕತ್ತರಿಸಿದ್ದೇ ಅಂತ ಸುಳ್ಳು ಹೇಳಿದ್ದೂ ನಾನೇ." ನನ್ನ ದನಿ ನನಗೇ ಯಾರದೋ ಅನ್ನಿಸಿತು. ಯಾರೋ "ಆಚೆ ಕಳ್ಸ್ರಿ ಅವಳನ್ನ" ಅಂದರು. ಮೈದುನ ಕಂಬದ ಪಕ್ಕದಿಂದ ಮುಂದೆ ಬಂದು "ನಂಗೂ ಗೊತ್ತಿತ್ತು" ಅಂದರು. ವಾರಗಿತ್ತಿ ಗಂಡನನ್ನು ನೋಡಿದ ನೋಟವನ್ನು ಬರೆಯುವುದು ನನ್ನಿಂದಾಗದು.

"ಇರಿ, ಇನ್ನೂ ಮುಗ್ದಿಲ್ಲ" ಅಂದರು ದೊಡ್ಡಮ್ಮ. ಹಿಡಿದ ಕೈ ಬಿಟ್ಟಿರಲಿಲ್ಲ. "ಇದೇನು? ಇದನ್ನ ಹೇಳು."

"ಜೀವದ ಉಣ್ಣೆ. ಕತ್ತರಿಸುವಾಗ ನಾನು ಪಕ್ಕದಲ್ಲೇ ಇದ್ದೆ."

"ಸುಳ್ಳು ಹೇಳ್ದೋಳ ಮಾತು ಹೆಂಗಕ್ಕ ನಂಬೋದು?" ವಾರಗಿತ್ತಿ ಕೇಳಿದರು. ಎಲ್ಲರ ಬಾಯಲ್ಲಿದ್ದದ್ದೂ ಅದೇ.

"ಸುಳ್ಳು ಹೇಳ್ದೆ ಅಂತ ಇಷ್ಟು ಜನದ ಮುಂದೆ ಅವಳೇ ಹೇಳಿದ್ಲಲ್ಲ. ನೀನು ಹೇಳಿದ್ದೀಯೇನೆ ಯಾವತ್ತಾದ್ರೂ? ನಾನು ನಂಬ್ತೀನಿ." ಆಮೇಲೆ ನನ್ನ ಕೈಯ ಮೇಲೆ ತಮ್ಮ ಕೈಯಿಟ್ಟು, ಚಪ್ಪರದ ಕೊನೆಗೂ ಕೇಳುವ ಹಾಗೆ, "ಇದು ಜೀವದ ಉಣ್ಣೆ. ಕೂತ್ಕೊಳ್ಳಿ ಮಕ್ಕಳೇ" ಅಂದರು. ಹುಡುಗಿ ಒಂದು ಕ್ಷಣ ಅಪ್ಪನನ್ನು ನೋಡಿದಳು. ಕೂತಳು. ವಾಲಗ ಶುರುವಾಯಿತು.

ಆಮೇಲಿನದು ಸುಲಭವಾಗಿರಲಿಲ್ಲ. ಮುಂದಿನ ಗುರುವಾರ ಆರು ಮನೆಯವರು ಬಾಗಿಲಲ್ಲೇ ಚೀಲ ವಾಪಸು ಕೊಟ್ಟರು, ಕೇಂದ್ರದವರು ಕರೆಸಿ ವಿಚಾರಣೆ ಮಾಡಿದರು. ಅದೆಲ್ಲ ನನಗೆ ಸಲ್ಲಬೇಕಾದದ್ದೇ. ಊರವರು ಮಾತ್ರ ಅಂದಿನಿಂದ ಒಂದು ಬದಲಾವಣೆ ಮಾಡಿಕೊಂಡರು. ಕಂಬಳಿಯ ಮೇಲೆ ಈಗ ಎರಡು ಕೈ, ನೂತವಳದು ಮತ್ತು ಉಣ್ಣೆ ತಂದವಳದು. ದೊಡ್ಡಮ್ಮನನ್ನು ಎತ್ತುವ ಮೊದಲು ಮೈದುನ ನನ್ನಿಂದ ಆ ಮಾತು ಹೇಳಿಸಿದ್ದೂ ಅದಕ್ಕೇ.

ಆ ಮದುವೆಯ ದಿನ ನನಗೆ ಊಟ ಸೇರಲಿಲ್ಲ. ಎಲ್ಲರೂ ಎಲೆ ಮುಂದೆ ಕೂತಾಗ ಸದ್ದಿಲ್ಲದೆ ಚಪ್ಪಲಿ ಹುಡುಕಿಕೊಂಡು ಹೊರಟೆ. ಹಿಂದೆ ಹೆಜ್ಜೆ ಸಪ್ಪಳ ಕೇಳಿ ತಿರುಗಿದರೆ ದೊಡ್ಡಮ್ಮ, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಊಟ. ಬಾಗಿಲ ಹತ್ತಿರ ನಿಂತರು. ಐದು ವರ್ಷದ ಅಭ್ಯಾಸಕ್ಕೆ ನಾನು ಆ ಪ್ರಶ್ನೆಗೆ ಕಾದೆ. ಅವರು ಪೊಟ್ಟಣವನ್ನು ನನ್ನ ಕೈಗಿಟ್ಟರು. ಒಡೆದ ಬಳೆ ಗೀರಿದ್ದ ಜಾಗವನ್ನು ಸೆರಗಿನ ತುದಿಯಿಂದ ಒರೆಸಿದರು.

"ಹುಷಾರಾಗಿ ಹೋಗಮ್ಮ" ಅಂದರು.